ತಗ್ಗಿದ ಬೆಂಕಿ, ಆರಿದ ಬೆಂಕಿ

ಕರಸುದಾನಿ
12 ನವೆಂಬರ್ 1958

ತೊಮಿಯೆ,

ನೀನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ಸೇರಿತು. ಒಂದು ನನ್ನ ಕಾಲಿಗೆ ಸರಿಯಾಗಿದೆ, ಇನ್ನೊಂದು ನಿನ್ನ ಮಿನೆ ಅತ್ತಿಗೆಯ ಕಾಲಿಗೆ. ಹೆಣೆಯುವಾಗ ಯಾರ ಜೊತೆ ಹರಟೆ ಹೊಡೆಯುತ್ತಿದ್ದೆಯೋ.

ಕಳೆದ ವಾರ ಗಿರಣಿಯವನ ಮನೆಗೆ ಬೆಂಕಿ ಬಿತ್ತು. ಜನಕ್ಕೆ ಏನೂ ಆಗಿಲ್ಲ, ಹೆದರಬೇಡ. ನಮ್ಮೂರ ಬೆಂಕಿ ಆರಿಸುವ ಪಡೆಯ ಹದಿನೆಂಟು ಜನರೂ ಇದ್ದೆವು, ಪಂಪು ಮೊದಲ ಎಳೆತಕ್ಕೇ ಚಾಲೂ ಆಯಿತು, ಹೊಳೆಯಲ್ಲಿ ನೀರಿತ್ತು. ಒಂದು ಗಂಟೆಯಲ್ಲಿ ಜ್ವಾಲೆ ಇಳಿಸಿದೆವು. ಆಮೇಲೆ ನಗರದ ಕೆಂಪು ಗಾಡಿ ಬಂತು, ಮದುವೆ ಮುಗಿದ ಮೇಲೆ ಬಂದ ವಾಲಗದವರ ಹಾಗೆ. ಅಗ್ನಿಶಾಮಕ ಠಾಣಾಧಿಕಾರಿ ನೊಮಿಯಾಮಾ ಇಳಿದು, ಕೈಗಡಿಯಾರ ನೋಡಿ, ಪುಸ್ತಕದಲ್ಲಿ ಹೊತ್ತು ಬರೆದುಕೊಂಡ.

"ಬೆಂಕಿ ತಗ್ಗಿದೆ. ಎಲ್ಲಾ ಮನೆಗೆ ಹೊರಡಿ" ಅಂದ.

"ತಗ್ಗಿದೆ ಸ್ವಾಮಿ, ಆರಿಲ್ಲ" ಅಂದೆ.

"ಎರಡೂ ಒಂದೇ ಕಣಯ್ಯಾ."

"ಹಂಗಾದ್ರೆ ನಿಮ್ಮ ಕೈ ಸ್ವಲ್ಪ ಇಲ್ಲಿಡಿ."

ಕೊಕ್ಕೆಯಿಂದ ಮಾಡಿನ ಹುಲ್ಲು ಎತ್ತಿ ಹಿಡಿದೆ. ಅವನು ಕೈ ಇಡಲಿಲ್ಲ. ಇಟ್ಟಿದ್ದರೆ ಆ ಕೈಯಿಂದ ನನ್ನ ಮೇಲೆ ದೂರು ಬರೆಯಲು ಆಗುತ್ತಿರಲಿಲ್ಲ.

ನಿನಗೆ ಹೇಳಬೇಕಾಗಿಲ್ಲ, ನೀನೂ ಹುಲ್ಲು ಹೊದಿಸುವವರ ಮನೆಯಲ್ಲೇ ಹುಟ್ಟಿದವಳು. ಮೊಣಕೈ ಆಳ ಹುಲ್ಲು ಹೊದಿಸಿದ ಮಾಡಿನಲ್ಲಿ ಕೆಂಡ ಎರಡು ದಿನ ಸುಮ್ಮನೆ ಮಲಗಿರುತ್ತದೆ. ಮೇಲೆ ನೀರು ಸುರಿಯುತ್ತಿದ್ದರೂ ಒಳಗೆ ಬೂದಿ ಮುಚ್ಚಿಕೊಂಡಿರುತ್ತದೆ. ಅದಕ್ಕೇ ಅಪ್ಪನ ಕಾಲದಿಂದ ನಮ್ಮಲ್ಲಿ ಎರಡು ಮಾತು. ಜ್ವಾಲೆ ಇಳಿದರೆ "ತಗ್ಗಿತು". ಕಾವಲು ಕೂತು ಕೆಂಡ ಕಾದು, ಮೂಲೆ ಮೂಲೆಗೂ ಬರಿಗೈ ಇಟ್ಟು ನೋಡಿ, ಎಲ್ಲ ಕಡೆ ತಣ್ಣಗಾಗಿದೆ ಅಂದಮೇಲೆ "ಆರಿತು". ಆಗಲೇ ಕೊನೆಯ ಗಂಟೆ ಹೊಡೆಯುವುದು. ನಾವು ಎರಡು ದಿನ ಕೂತು ಕಾದೆವು. ನೊಮಿಯಾಮಾ ತನ್ನ ಹುಡುಗರಿಂದ ನನ್ನನ್ನು ಹಿಡಿದು ಎಳೆಸಲು ನೋಡಿದ. ನಾನೂ ಸ್ವಲ್ಪ ತಳ್ಳಿದೆ. ಸ್ವಲ್ಪವೇ.

ಪಕ್ಕದ ಮನೆಯ ಇನೆ ದೊಡ್ಡಮ್ಮ ಎಪ್ಪತ್ತೆಂಟರ ವಯಸ್ಸಿನಲ್ಲಿ ಹದಿನೆಂಟು ಜನಕ್ಕೂ ಎರಡು ದಿನ ಅನ್ನದುಂಡೆ ಕಟ್ಟಿ ತಂದಳು. ನಗರದವರಿಗೂ ಕೊಡು ಅಂದರೆ, "ಅವ್ರಿಗೆ ಹಸಿವಾಗೋ ಅಷ್ಟು ಕೆಲ್ಸ ಏನಾಯ್ತೋ?" ಅಂತ ಅವರ ಎದುರಿಗೇ ಕೇಳಿದಳು.

ಹಳ್ಳಿ ನಗರಕ್ಕೆ ಸೇರಿ ಮೂರು ವರ್ಷವಾಯಿತು. ಪಂಪು ಅವರದಂತೆ, ಗಂಟೆ ಅವರದಂತೆ, ನಮ್ಮ ನೀಲಿ ಅಂಗಿಯೂ ಅವರದಂತೆ. ಹೊಗೆ ಮಾತ್ರ ನಮ್ಮದು. ನಗರಸಭೆಯಲ್ಲಿ ನಮ್ಮ ವಿಚಾರ ಏನು ಬೇಯುತ್ತಿದೆ? ಅಲ್ಲೇ ಕೂತಿರುವವಳು, ನಿನಗೆ ವಾಸನೆ ಬಂದಿರಬೇಕು.

ಕಿಸುಕೆ


ತೊಯೊಸಾವಾ
19 ನವೆಂಬರ್ 1958

ಪ್ರೀತಿಯ ಅಣ್ಣನಿಗೆ,

ಇಲ್ಲಿ ಮನೆ ಮನೆಯ ಸೂರಿನಲ್ಲೂ ಸಿಪ್ಪೆ ತೆಗೆದ ಪರ್ಸಿಮನ್ ಹಣ್ಣನ್ನು ದಾರಕ್ಕೆ ಕಟ್ಟಿ ಒಣಹಾಕಿದ್ದಾರೆ. ನಮ್ಮ ಹಾಸ್ಟೆಲಿನ ಹುಡುಗಿಯರು ರಾತ್ರಿ ಕದ್ದು ತಿಂದು, ಬೆಳಿಗ್ಗೆ ಕಾಗೆಯ ಮೇಲೆ ಹಾಕುತ್ತಾರೆ. ಕಾಲುಚೀಲದ ವಿಷಯಕ್ಕೆ ಕ್ಷಮಿಸು. ಇನ್ನೊಂದು ಜೊತೆ ಹೆಣೆಯುತ್ತಿದ್ದೇನೆ, ಈ ಸಲ ಅಳತೆ ಇಟ್ಟುಕೊಂಡು.

ನಗರಸಭೆಯಲ್ಲಿ ಏನು ಬೇಯುತ್ತಿದೆ ಎಂದು ಕೇಳಿದ್ದೀಯ. ನನಗೇನು ಗೊತ್ತಾಗುತ್ತದೆ ಅಣ್ಣ? ನಾನು ಟೈಪು ಮಾಡುವವಳು. ಅಚ್ಚಿನ ತಟ್ಟೆಯಲ್ಲಿ ಎರಡು ಸಾವಿರದ ಮುನ್ನೂರು ಅಕ್ಷರ, ಒಂದೊಂದನ್ನೇ ಹುಡುಕಿ ಎತ್ತಿ ಕಾಗದಕ್ಕೆ ಹೊಡೆಯುವಷ್ಟರಲ್ಲಿ ವಾಕ್ಯದ ಅರ್ಥವೇ ಮರೆತುಹೋಗಿರುತ್ತದೆ. ಈ ವಾರವೆಲ್ಲ ನಾಯಿಗಳ ಚುಚ್ಚುಮದ್ದಿನ ಪ್ರಕಟಣೆ.

ನೊಮಿಯಾಮಾ ಅವರನ್ನು ತಳ್ಳಿದ ಸುದ್ದಿ ಮಾತ್ರ ಇಲ್ಲಿಗೂ ಬಂದಿದೆ. ನಮ್ಮ ವಿಭಾಗದ ಮುಖ್ಯಸ್ಥರು ಶಿಮೊಜೊ ಎಂದು. ಅವರು ಎಲ್ಲರ ಮುಂದೆ ಹೇಳಿದರು, "ಹದಿಮೂರು ಹಳ್ಳಿ, ಹದಿಮೂರು ಪಡೆ, ಹದಿಮೂರು ನಾಯಕರು. ಇದೇನು ನಗರಾನಾ, ಕೋಳಿಗೂಡಾ?" ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ.

ಒಂದು ಸಲ ಬಂದು ನೊಮಿಯಾಮಾ ಅವರ ಕ್ಷಮೆ ಕೇಳಿಬಿಡು. ತಲೆ ಬಗ್ಗಿಸಿದರೆ ಕುತ್ತಿಗೆ ಸವೆಯುವುದಿಲ್ಲ. ದೊಡ್ಡಮ್ಮನಿಗೆ ಕೆಮ್ಮಿನ ಔಷಧಿ ಕಳಿಸಿದ್ದೇನೆ. ಕಹಿ ಎಂದು ಚೆಲ್ಲಿಯಾಳು, ನೀನೇ ಎದುರು ನಿಂತು ಕುಡಿಸು.

ತೊಮಿಯೆ


ಕರಸುದಾನಿ
14 ಡಿಸೆಂಬರ್ 1958

ತೊಮಿಯೆ,

ನಿನ್ನ ಮಾತಿನಂತೆ ಬಂದೆ. ತಲೆ ಬಗ್ಗಿಸಿದೆ. ಕುತ್ತಿಗೆ ಸವೆದಿದೆ.

ಹದಿಮೂರು ಪಡೆಗಳ ನಾಯಕರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ತಣ್ಣಗಾದ ಚಹಾ ಕೊಟ್ಟರು. ಇನ್ನು ಮುಂದೆ ಬೆಂಕಿಯ ಜಾಗದಲ್ಲಿ ಮಾತು ಒಂದೇ, ಅದು ಠಾಣಾಧಿಕಾರಿಯದು ಅಂದರು. ಆಮೇಲೆ ನನ್ನನ್ನೊಬ್ಬನನ್ನೇ ಎಬ್ಬಿಸಿ ನಿಲ್ಲಿಸಿದರು. ಕರಸುದಾನಿಯ ಪಡೆ ಇನ್ನೊಂದು ಸಲ ಆಜ್ಞೆ ಮೀರಿದರೆ ಪಡೆಯನ್ನು ವಿಸರ್ಜಿಸಿ ಪಂಪನ್ನು ತೆಗೆದುಕೊಂಡು ಹೋಗುತ್ತಾರಂತೆ. ನಮ್ಮೂರಲ್ಲಿ ಅರವತ್ತೆರಡು ಮನೆ, ಎಲ್ಲ ಹುಲ್ಲಿನ ಮಾಡು. ನಗರದ ಗಾಡಿ ಬೆಟ್ಟ ಹತ್ತಿ ಬರಲು ಮುಕ್ಕಾಲು ಗಂಟೆ. ಪಂಪು ಹೋದರೆ ನಾವು ಉಗುಳಿ ಆರಿಸಬೇಕು. ಅದಕ್ಕೇ ಬಾಯಿ ಮುಚ್ಚಿಕೊಂಡು ಸಹಿ ಹಾಕಿ ಬಂದೆ.

ಹೊರಗೆ ಬಂದಾಗ ನೀನು ಎದುರಿಗೇ ಬಂದೆ. ಕೈ ತುಂಬ ಕಾಗದ, ಮುಂದೆ ಒಬ್ಬ ಕನ್ನಡಕದವನು. ಯಾರೋ ಹೊರಗಿನವರಿಗೆ ಬಗ್ಗುವ ಹಾಗೆ ನನಗೆ ಬಗ್ಗಿ ನಡೆದುಬಿಟ್ಟೆ. ದೊಡ್ಡಮ್ಮ ನಿನಗೆಂದು ಕಟ್ಟಿ ಕೊಟ್ಟಿದ್ದ ಸೊಪ್ಪಿನ ಉಪ್ಪಿನಕಾಯಿ ನನ್ನ ಕೈಯಲ್ಲೇ ಉಳಿಯಿತು. ಬಸ್ಸಿನಲ್ಲಿ ಅದು ಸೋರಿ ಪಕ್ಕದವನು ಮೂಗು ಮುಚ್ಚಿಕೊಂಡ.

"ಮಗು ಸಿಕ್ಕಿದ್ಲಾ?" ಅಂತ ದೊಡ್ಡಮ್ಮ ಕೇಳಿದಳು. ಅವತ್ತು ನಿನಗೆ ರಜೆ ಅಂತ ಹೇಳಿದೆ.

ಕಿಸುಕೆ


ತೊಯೊಸಾವಾ
17 ಡಿಸೆಂಬರ್ 1958

ಅಣ್ಣ,

ಬೆಳಗಿನಿಂದ ಮೂರು ಕಾಗದ ಹರಿದು ಇದನ್ನು ಬರೆಯುತ್ತಿದ್ದೇನೆ. ಆ ಕನ್ನಡಕದವರೇ ಶಿಮೊಜೊ. ನಾನು ನಿನ್ನ ತಂಗಿ ಎಂದು ಅವರಿಗೆ ಗೊತ್ತಿಲ್ಲ. ನಮ್ಮ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ನಿನ್ನ ಹೆಸರು ಬರುತ್ತದೆ, ಒಳ್ಳೆಯ ಮಾತಿನ ಜೊತೆಯಲ್ಲಿ ಅಲ್ಲ. ಗೊತ್ತಾದರೆ ನನ್ನನ್ನು ಇಟ್ಟುಕೊಳ್ಳುತ್ತಾರೆಯೇ? ಹೆದರಿದೆ. ಇಷ್ಟೇ ಸತ್ಯ, ಬೇರೆ ಬಣ್ಣ ಹಚ್ಚುವುದಿಲ್ಲ. ಮನೆಗೆ ಬಂದು ನಿನ್ನ ಕಾಲಿಗೆ ಬೀಳುತ್ತೇನೆ, ಆಗ ಬೇಕಾದಷ್ಟು ಬೈಯಿ.

ಆದರೆ ಈಗ ಒಂದು ಮಾತು ಕೇಳು. ಹೊಸ ವರ್ಷಕ್ಕೆ ಎಲ್ಲ ಪಡೆಗಳಿಗೂ ಒಂದು ಆಜ್ಞಾಪತ್ರ ಬರುತ್ತದೆ. ಅವರು ಎದುರು ನೋಡುತ್ತಿರುವುದು ನೀನು ಅದನ್ನು ಮೀರುವುದನ್ನೇ. ನೀನು ಮೀರುತ್ತೀಯ ಎಂದು ಪಂಪು ಹೇರಿಕೊಂಡು ಹೋಗಲು ಲಾರಿಯನ್ನೂ ಗೊತ್ತು ಮಾಡಿದ್ದಾರೆ. ಆ ಪತ್ರದಲ್ಲಿ ಏನಿದೆಯೋ ಅದನ್ನು ಅಕ್ಷರ ಬಿಡದೆ ಪಾಲಿಸು. ನಿನ್ನ ಬುದ್ಧಿ, ಅಪ್ಪನ ಬುದ್ಧಿ ಎರಡನ್ನೂ ಸ್ವಲ್ಪ ದಿನ ಅಟ್ಟಕ್ಕೆ ಹಾಕು. ಪಂಪು ಉಳಿದರೆ ಎಲ್ಲವೂ ಉಳಿಯುತ್ತದೆ.

ಇನೆ ದೊಡ್ಡಮ್ಮನ ಆಣೆ ಇಟ್ಟು ಕೇಳುತ್ತಿದ್ದೇನೆ. ಅಮ್ಮ ಸತ್ತಾಗ ನಮ್ಮಿಬ್ಬರನ್ನೂ ಎತ್ತಿ ಸಾಕಿದವಳ ಆಣೆ. ಇದನ್ನು ಮೀರಬೇಡ.

ತೊಮಿಯೆ


ಕರಸುದಾನಿ
9 ಜನವರಿ 1959

ತೊಮಿಯೆ,

ಹೊಸ ವರ್ಷ ಸುಖವಾಗಿರಲಿ. ಅಕ್ಕಿಯ ಕಡುಬು ತಿನ್ನುವಾಗ ಗಿರಣಿಯ ಅಜ್ಜನ ಗಂಟಲಿಗೆ ಸಿಕ್ಕಿಕೊಂಡು, ನಮ್ಮ ಪಡೆ ಬೆನ್ನಿಗೆ ಗುದ್ದಿ ಬದುಕಿಸಿತು. ವರ್ಷದ ಮೊದಲ ಸೇವೆ ಅದು.

ಆಜ್ಞಾಪತ್ರ ಬಂತು. ಪಂಪಿನ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಓದಿದೆ. ನಾಲ್ಕನೆಯ ಕಲಮು ಹೀಗಿದೆ: "ಬೆಂಕಿಯು ತಗ್ಗಿತೆಂದು ಠಾಣಾಧಿಕಾರಿಯು ಘೋಷಿಸಿದ ಕೂಡಲೇ ಸ್ವಯಂಸೇವಕರು ಸ್ಥಳವನ್ನು ಬಿಟ್ಟು ತೆರಳತಕ್ಕದ್ದು."

ಇದ್ದಿಲು ಸುಡುವ ಮಸುಜೊ ಎದ್ದು ನಿಂತ. "ಆರಿತೆಂದು ಅಂತ ಇರ್ಬೇಕಿತ್ತು. ತಗ್ಗಿತೆಂದು ಅಂತ ಬರ್ದವ್ನು ಜನ್ಮದಲ್ಲಿ ಒಲೇನೂ ಹಚ್ಚಿಲ್ಲ" ಅಂದ.

"ಓದೋದು ನಾನು, ಅರ್ಥ ಹೇಳೋದೂ ನಾನೇ. ಏನಿದ್ಯೋ ಅಷ್ಟು ಮಾಡ್ತೀವಿ" ಅಂದೆ.

"ನಾಯಕ್ರು ಯಾವಾಗ ನಗರದವ್ರ ಅಳಿಯ ಆದ್ರಿ?"

ಎಲ್ಲರೂ ನಕ್ಕರು. ನಗುತ್ತಲೇ ಒಪ್ಪಿದರು. ಹದಿನೆಂಟು ಜನರೂ ಒಪ್ಪಿಗೆಯ ಹಾಳೆಗೆ ತಮ್ಮ ತಮ್ಮ ಹೆಸರಿನ ಮುದ್ರೆ ಒತ್ತಿದರು. ನೀನು ಕೇಳಿದ್ದಕ್ಕೆ ನಾನು ಒಪ್ಪಿದ್ದು. ಆ ಪತ್ರವನ್ನು ತುಂಬ ಹೊತ್ತು ನೋಡುತ್ತಾ ಕೂತಿದ್ದೆ. ಅದರ ಬಗ್ಗೆ ಇನ್ನೂ ಒಂದು ಮಾತು ಬರೆಯಬೇಕು ಅಂದುಕೊಂಡಿದ್ದೆ, ಬೇಡ ಬಿಡು.

ದೊಡ್ಡಮ್ಮ ಔಷಧಿ ಕುಡಿಯುತ್ತಿದ್ದಾಳೆ. ಪ್ರತಿ ಸಲ ನಿನ್ನನ್ನು ಬೈದುಕೊಂಡೇ ಕುಡಿಯುತ್ತಾಳೆ.

ಕಿಸುಕೆ


ತೊಯೊಸಾವಾ
28 ಜನವರಿ 1959

ಪ್ರೀತಿಯ ಅಣ್ಣನಿಗೆ,

ನಿನ್ನ ಪತ್ರ ಓದಿ ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಶಿಮೊಜೊ ಅವರು ಮುದ್ರೆಗಳ ಹಾಳೆ ನೋಡಿ, "ಕರಸುದಾನಿಯೋರಿಗೂ ಬುದ್ಧಿ ಬಂತಲ್ಲ ಮಾರಾಯ್ರೇ" ಎಂದರು. ಲಾರಿಯನ್ನು ವಾಪಸು ಕಳಿಸಿದ್ದಾರೆ.

ಇಲ್ಲಿ ಒಣಗಾಳಿ ಬಹಳ. ತುಟಿ ಒಡೆದು ನಗಲು ಆಗುತ್ತಿಲ್ಲ. ಹೊಸ ಕಾಲುಚೀಲ ಕಳಿಸಿದ್ದೇನೆ, ಎರಡೂ ನಿನ್ನ ಕಾಲಿನದೇ. ಬೇರೆ ವಿಶೇಷವಿಲ್ಲ. ಏಪ್ರಿಲ್‌ನಲ್ಲಿ ಮೂರು ದಿನ ರಜೆ ಕೇಳಿದ್ದೇನೆ, ಬಂದು ದೊಡ್ಡಮ್ಮನ ಜೊತೆ ಮಲಗುತ್ತೇನೆ ಎಂದು ಹೇಳು.

ತೊಮಿಯೆ


ತಂತಿ
ಕರಸುದಾನಿ, 17 ಫೆಬ್ರವರಿ 1959

ಬೆಂಕಿಯಲ್ಲಿ ಇನೆ ದೊಡ್ಡಮ್ಮ ತೀರಿಕೊಂಡಳು ನಾಳೆ ಬೆಳಿಗ್ಗೆ ಸಂಸ್ಕಾರ ಕಿಸುಕೆ


ಕರಸುದಾನಿ
22 ಫೆಬ್ರವರಿ 1959

ತೊಮಿಯೆ,

ನೀನು ಬರಲಿಲ್ಲ. ರಜೆ ಕೊಡಲಿಲ್ಲವೇನೋ ಅಂತ ಜನರಿಗೆ ಹೇಳಿದೆ. ಏನು ನಡೆಯಿತೆಂದು ನಿನಗೆ ಬೇರೆಯವರ ಬಾಯಿಂದ ಗೊತ್ತಾಗಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಹದಿನಾರರ ಬೆಳಿಗ್ಗೆ ದೊಡ್ಡಮ್ಮನ ಮನೆಯ ಪಕ್ಕದ ಹಳೆಯ ರೇಷ್ಮೆಹುಳದ ಮನೆಗೆ ಬೆಂಕಿ ಬಿತ್ತು. ಚಳಿಗಾಲ, ಒಳಗೆ ಹುಳವೂ ಇಲ್ಲ, ಮನುಷ್ಯರೂ ಇಲ್ಲ. ಹತ್ತೂವರೆಗೆಲ್ಲ ಜ್ವಾಲೆ ಇಳಿಸಿದ್ದೆವು. ನೊಮಿಯಾಮಾ ಬಂದ. ಗಡಿಯಾರ ನೋಡಿದ. "ತಗ್ಗಿದೆ" ಅಂತ ಜೋರಾಗಿ ಹೇಳಿ ನನ್ನ ಮುಖ ನೋಡಿದ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಆಜ್ಞಾಪತ್ರ ನನ್ನ ಅಂಗಿಯೊಳಗೇ ಇತ್ತು.

"ಕೊಕ್ಕೆ ಇಳಿಸ್ರೋ. ಹೊರಡೋಣ" ಅಂದೆ.

ಮಸುಜೊ ಕೊಕ್ಕೆಯನ್ನು ನೆಲಕ್ಕೆ ಎಸೆದು ಹೋದ. ದೊಡ್ಡಮ್ಮ ಅನ್ನದುಂಡೆಯ ಬುಟ್ಟಿ ಹಿಡಿದುಕೊಂಡು ಆಗ ತಾನೇ ಹೊರಗೆ ಬಂದಳು. ನಾವು ಹೊರಟಿದ್ದು ಅವಳಿಗೆ ವಿಚಿತ್ರವಾಗಿ ಕಂಡಿತು.

"ಏನೋ ಇಷ್ಟು ಬೇಗ? ಕೈ ಇಟ್ಟು ನೋಡಿದ್ಯಾ?"

"ನೋಡ್ದೆ ದೊಡ್ಡಮ್ಮ."

"ತಣ್ಣಗಿದ್ಯಾ?"

"ತಣ್ಣಗಿದೆ."

"ಹಂಗಾದ್ರೆ ನಾನೂ ಒಂದು ಗಳಿಗೆ ಮಲಗ್ತೀನಿ ಕಣೋ. ಬೆಳಗಿಂದ ನಿಂತು ನಿಂತು ಸೊಂಟ ಹೋಯ್ತು."

ನಾನು ಕೈ ಇಟ್ಟಿರಲಿಲ್ಲ ತೊಮಿಯೆ. ಇಟ್ಟರೆ ಗೊತ್ತಾಗುತ್ತಿತ್ತು, ಗೊತ್ತಾದರೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೇ ಇಡಲಿಲ್ಲ.

ಮಧ್ಯಾಹ್ನ ಮೂರಕ್ಕೆ ಬೆಟ್ಟದಿಂದ ಒಣಗಾಳಿ ಇಳಿಯಿತು. ನಾನು ಜಗಲಿಯಲ್ಲಿ ಕೂತು ಹುಲ್ಲು ಕತ್ತರಿಸುವ ಕತ್ತರಿ ಮಸೆಯುತ್ತಿದ್ದೆ. ಮೊದಲು ವಾಸನೆ ಬಂತು, ಆಮೇಲೆ ಮಿನೆ ಕೂಗಿದಳು. ನಾವು ಪಂಪು ಎಳೆದುಕೊಂಡು ಬರುವಷ್ಟರಲ್ಲಿ ಕಿಡಿ ದೊಡ್ಡಮ್ಮನ ಮಾಡು ಹತ್ತಿ ಮುಂದಿನ ಅರ್ಧ ಒಳಕ್ಕೆ ಕುಸಿದಿತ್ತು, ಮನೆ ತುಂಬ ಹೊಗೆ. ಮಸುಜೊ ಒದ್ದೆ ಚಾಪೆ ಹೊದ್ದು ನುಗ್ಗಿ ಅವಳನ್ನು ಹೊತ್ತು ತಂದ. ಸುಟ್ಟಿರಲಿಲ್ಲ. ಹೊಗೆಯೇ ಸಾಕಾಗಿತ್ತು. ಹಾಸಿಗೆಯಿಂದ ಎದ್ದ ಗುರುತೂ ಇರಲಿಲ್ಲ, ನನ್ನ ಮಾತು ನಂಬಿ ಗಾಢ ನಿದ್ದೆ ಮಾಡಿದ್ದಳು.

ಆಮೇಲೆ ಎರಡು ದಿನ ಕೆಂಡ ಕಾದೆವು. ಯಾರೂ ಮನೆಗೆ ಹೊರಡಿ ಅನ್ನಲಿಲ್ಲ. ತಿನ್ನಲು ಯಾರೂ ಏನೂ ತರಲಿಲ್ಲ.

ಕಿಸುಕೆ


ತೊಯೊಸಾವಾ
25 ಫೆಬ್ರವರಿ 1959

ಅಣ್ಣನಿಗೆ,

ದೊಡ್ಡಮ್ಮನ ಆತ್ಮಕ್ಕೆ ಶಾಂತಿ ಸಿಗಲಿ. ಬರಲು ಆಗಲಿಲ್ಲ, ಕ್ಷಮಿಸು.

ನಗರಸಭೆ ವಿಚಾರಣೆ ಮಾಡುತ್ತದೆಯಂತೆ. ಅದಕ್ಕೆ ಮೊದಲು ಜನವರಿಯ ಆಜ್ಞಾಪತ್ರವನ್ನು ಎಲ್ಲ ಪಡೆಗಳಿಂದ ವಾಪಸು ಪಡೆಯುತ್ತಿದ್ದಾರೆ. ಹನ್ನೆರಡು ಪಡೆಗಳು ಕೊಟ್ಟಿವೆ. ಕರಸುದಾನಿಗೂ ಜನ ಬರುತ್ತಾರೆ. ನಿನ್ನ ಹತ್ತಿರ ಇರುವುದನ್ನು ಕೊಟ್ಟುಬಿಡು.

ಧೂಪಕ್ಕೆ ಸ್ವಲ್ಪ ಹಣ ಕಳಿಸಿದ್ದೇನೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ತೊಮಿಯೆ


ಕರಸುದಾನಿ
3 ಮಾರ್ಚ್ 1959

ತೊಮಿಯೆ,

ನಿನ್ನ ಪತ್ರ ಬರುವ ಮೊದಲೇ ಅವರು ಬಂದಿದ್ದರು. ಪತ್ರ ಕಳೆದುಹೋಯಿತು, ಬೆಂಕಿಯ ದಿನ ಅಂಗಿಯಿಂದ ಬಿದ್ದಿರಬೇಕು ಅಂತ ಹೇಳಿ ಕಳಿಸಿದೆ. ಅದು ನನ್ನ ಹತ್ತಿರವೇ ಇದೆ.

ನಿನ್ನೆ ಶಾಲೆಯಲ್ಲಿ ವಿಚಾರಣೆಯ ಮೊದಲ ದಿನ. ನೊಮಿಯಾಮಾ ಎದ್ದು ಒಂದು ಆಜ್ಞಾಪತ್ರ ಓದಿದ. ತಾರೀಖು ಅದೇ, ಸಂಖ್ಯೆ ಅದೇ, ನಾಲ್ಕನೆಯ ಕಲಮಿನಲ್ಲಿ "ಬೆಂಕಿಯು ಆರಿತೆಂದು" ಅಂತ ಇದೆ. ಹಾಗಾಗಿ ಕರಸುದಾನಿಯ ಪಡೆ ಬೆಂಕಿ ಆರುವ ಮೊದಲೇ, ಕೆಂಡ ಕಾಯದೆ, ಕರ್ತವ್ಯ ಬಿಟ್ಟು ಮನೆಗೆ ಹೋಗಿ ಒಬ್ಬ ಮುದುಕಿಯನ್ನು ಕೊಂದಿತಂತೆ. ಎರಡು ದಿನ ಕೆಂಡ ಕಾದದ್ದಕ್ಕೆ ನವೆಂಬರಿನಲ್ಲಿ ನನ್ನನ್ನು ಎಳೆಸಿದವನು ಇದನ್ನು ಓದಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಮ್ಮವರು ಕೂಗಾಡಿದರು. ನಾವು ಓದಿದ ಪತ್ರದಲ್ಲಿ ಬೇರೆ ಇತ್ತು ಅಂದರು. ಆಗ ನೊಮಿಯಾಮಾ ಮೆತ್ತಗೆ ಹೇಳಿದ, "ಇದ್ರೆ ತೋರ್ಸಿ. ತಪ್ಪು ಟೈಪಾಗಿದ್ರೆ ಆ ಟೈಪಿಸ್ಟನ್ನ ಹುಡುಕಿ ಪೊಲೀಸಿಗೆ ಕೊಡ್ತೀವಿ. ಒಂದು ಜೀವ ಹೋಗಿದೆ, ಸುಮ್ನೆ ಬಿಡ್ತೀವಾ?"

ನಾನು ಬಾಯಿ ಬಿಡಲಿಲ್ಲ. ಹಾಳೆಯ ಬಲಮೂಲೆಯಲ್ಲಿ ಟೈಪು ಮಾಡಿದವರು ಒತ್ತುವ ಚಿಕ್ಕ ಮುದ್ರೆ ಇರುತ್ತದಲ್ಲ, ಅದನ್ನು ನಾನು ಜನವರಿಯಲ್ಲೇ ನೋಡಿದ್ದೆ. ಆ ಮುದ್ರೆಯನ್ನು ಗಟ್ಟಿ ಮರದಲ್ಲಿ ಕೆತ್ತಿಸಿ, ನೀನು ಕೆಲಸಕ್ಕೆ ಸೇರುವ ದಿನ ಕೊಟ್ಟವನು ನಾನೇ. ಕಚೇರಿಯ ಚಿತ್ರಲಿಪಿಯಲ್ಲಿ ಬರೆದರೆ ಎರಡು ಮಾತಿಗೂ ಮೊದಲ ಅಕ್ಷರ ಒಂದೇ, ಎರಡನೆಯದು ಮಾತ್ರ ಬೇರೆ. ಎರಡು ಸಾವಿರ ಅಚ್ಚಿನಲ್ಲಿ ಒಂದು ಅಚ್ಚು ತಪ್ಪಿ ಎತ್ತುವುದು ಯಾರಿಗಾದರೂ ಆಗುತ್ತದೆ. ನಿನಗೆ ರೇಗಿಲ್ಲ. ನೀನು ಊಟ ಬಿಡಬೇಡ.

14ಕ್ಕೆ ಮತ್ತೆ ವಿಚಾರಣೆ. ಆ ಪತ್ರ ನನ್ನ ಹತ್ತಿರವೇ ಇದೆ ಅಂತ ಮಸುಜೊಗೆ ಅನುಮಾನ. ಹೊರಗೆ ತಾ ಅಂತ ದಿನಾ ಬಂದು ಕೂರುತ್ತಾನೆ.

ಕಿಸುಕೆ


ತೊಯೊಸಾವಾ
8 ಮಾರ್ಚ್ 1959

ಅಣ್ಣ,

ನಿನ್ನ ಪತ್ರ ಬಂದು ಮೂರು ದಿನವಾಯಿತು. ಮೂರು ದಿನವೂ ನಾನು ಮೊದಲಿನಂತೆ ಹೇಡಿಯಾಗಿಯೇ ಇದ್ದೆ. ಇವತ್ತು ಭಾನುವಾರ, ಕಚೇರಿಯ ಮುಖ ನೋಡಬೇಕಾಗಿಲ್ಲ, ಅದಕ್ಕೇ ಧೈರ್ಯ ಬಂದಿದೆ.

ಅಣ್ಣ, ನಾನು ತಪ್ಪು ಅಚ್ಚು ಎತ್ತಲಿಲ್ಲ. ನನ್ನ ಕೈ ತಪ್ಪಿದ್ದರೆ ಎಷ್ಟೋ ಚೆನ್ನಾಗಿತ್ತು. ಶಿಮೊಜೊ ಅವರ ಕೈಬರಹದ ಕರಡಿನಲ್ಲೇ "ತಗ್ಗಿತೆಂದು" ಎಂದಿತ್ತು. ಅವರಿಗೆ ಎರಡೂ ಒಂದೇ. ಆ ಕೋಣೆಯಲ್ಲಿ ಹನ್ನೊಂದು ಜನ, ಅಂತರ ಗೊತ್ತಿದ್ದವಳು ನಾನೊಬ್ಬಳೇ. ಆ ಅಚ್ಚನ್ನು ಎತ್ತುವಾಗ ನನ್ನ ಕೈ ನಿಂತಿತು. ಕೇಳಲೇ ಎಂದುಕೊಂಡೆ. ಕೇಳಿದರೆ, "ನಿನಗೆ ಹೇಗೆ ಗೊತ್ತು? ನೀನು ಯಾವ ಊರಿನವಳು?" ಎಂದು ಕೇಳುತ್ತಾರೆ. ಅಷ್ಟಕ್ಕೆ ಹೆದರಿ ಇದ್ದದ್ದನ್ನೇ ಹೊಡೆದೆ, ಮುದ್ರೆ ಒತ್ತಿದೆ. ನಾಯಿಯ ಚುಚ್ಚುಮದ್ದು ಎಂದು ನಿನಗೆ ಸುಳ್ಳು ಬರೆದಾಗಲೇ ಈ ಕೆಲಸ ನನ್ನ ಮೇಜಿಗೆ ಬರುತ್ತದೆ ಎಂದು ಗೊತ್ತಿತ್ತು. ಸಾಲದ್ದಕ್ಕೆ ದೊಡ್ಡಮ್ಮನ ಆಣೆ ಇಟ್ಟು, ಅದನ್ನು ಅಕ್ಷರ ಬಿಡದೆ ಪಾಲಿಸು ಎಂದು ನಿನ್ನನ್ನು ಕಟ್ಟಿಹಾಕಿದೆ. ನೀನು ಆ ಆಣೆಯ ಸುದ್ದಿಯನ್ನೇ ಎತ್ತಲಿಲ್ಲ. ಪ್ರತಿ ಪತ್ರದಲ್ಲೂ ಹುಡುಕಿದೆ, ಬೈದಿದ್ದರೆ ಅಳಬಹುದಿತ್ತು.

ಫೆಬ್ರವರಿ 18ರಂದು ನನ್ನನ್ನು ಸಂಸ್ಕಾರಕ್ಕೆ ಬಿಡದೆ ಇದ್ದದ್ದು ಯಾಕೆಂದರೆ, ಅವತ್ತು ಶಿಮೊಜೊ ಹೊಸ ಕರಡು ತಂದು ಹಳೆಯ ತಾರೀಖಿನಲ್ಲಿ ಟೈಪು ಮಾಡಿಸಿದರು. "ಒಂದೇ ಅಕ್ಷರ ಕಣಮ್ಮ, ತಿದ್ದಿಬಿಡು, ಯಾರಿಗೂ ಏನೂ ಆಗಲ್ಲ" ಎಂದರು. ಅಲ್ಲಿ ನೀವು ದೊಡ್ಡಮ್ಮನಿಗೆ ಬೆಂಕಿ ಕೊಡುವ ಹೊತ್ತಿನಲ್ಲಿ ನಾನು ಇಲ್ಲಿ "ಆರಿತು" ಎಂದು ಹೊಡೆಯುತ್ತಿದ್ದೆ. ಹಳೆಯ ಕರಡನ್ನು ಅವರು ನನ್ನ ಎದುರಿಗೇ ಹರಿದರು.

ಹಾಗಾಗಿ ಉಳಿದಿರುವುದು ನಿನ್ನ ಹತ್ತಿರ ಇರುವ ಹಾಳೆ ಒಂದೇ. ನನ್ನ ಬಾಯಿಮಾತನ್ನು ಯಾರೂ ನಂಬುವುದಿಲ್ಲ, ಅಣ್ಣನನ್ನು ಉಳಿಸಲು ತಂಗಿ ಹೇಳುವ ಕತೆ ಎನ್ನುತ್ತಾರೆ. ಆ ಹಾಳೆ ಮೇಜಿನ ಮೇಲೆ ಬಿದ್ದರೆ ಒಂದೇ ಸಂಖ್ಯೆ, ಒಂದೇ ತಾರೀಖಿನ ಎರಡು ಪತ್ರ, ಎರಡರ ಮೇಲೂ ನನ್ನ ಮುದ್ರೆ, ನಗರಸಭೆಯ ದೊಡ್ಡ ಮೊಹರು. ಆಗ ನಾನು ಎದ್ದು, ಎರಡನ್ನೂ ಟೈಪು ಮಾಡಿದವಳು ನಾನೇ, ಮಾಡಿಸಿದವರು ಇವರು ಎಂದು ಹೇಳಬಹುದು. ಆಗ ತಪ್ಪು ಯಾರದೆಂದು ಅವರು ಮುಚ್ಚಿಡಲಾರರು. ನಿಮ್ಮ ಪಡೆ ಉಳಿಯುತ್ತದೆ, ಪಂಪು ಉಳಿಯುತ್ತದೆ. ನನಗೆ ಏನು ಮಾಡುತ್ತಾರೋ ಮಾಡಲಿ, ಉಪ್ಪು ತಿಂದವಳು ನೀರು ಕುಡಿಯಬೇಕು.

14ರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಹಾಳೆಯನ್ನು ಜೋಪಾನವಾಗಿಡು. ಯಾರ ಕೈಗೂ ಕೊಡಬೇಡ. ಇದನ್ನು ಈಗಲೇ ಅಂಚೆಗೆ ಹಾಕುತ್ತೇನೆ, ಮಂಗಳವಾರದ ಹೊತ್ತಿಗೆ ನಿನಗೆ ಸೇರುತ್ತದೆ.

ನಿನ್ನ ತಂಗಿ
ತೊಮಿಯೆ


ಕರಸುದಾನಿ
8 ಮಾರ್ಚ್ 1959

ತೊಮಿಯೆ,

ನಿನ್ನಿಂದ ಪತ್ರ ಇಲ್ಲ. ಮುದ್ರೆಯ ಮಾತು ಬರೆದು ನಿನ್ನನ್ನು ಹೆದರಿಸಿದೆ ಅಂತ ಆಮೇಲೆ ಅನ್ನಿಸಿತು. ಹೆದರಬೇಡ, ಎಲ್ಲ ಮುಗಿಸಿದ್ದೇನೆ.

ನಿನ್ನೆ ಮಸುಜೊ ಬಂದು ಕೂತವನು ಏಳಲೇ ಇಲ್ಲ. "ಆ ಕಾಗ್ದ ನಿಮ್ಮತ್ರ ಇದೆ. ಅದೊಂದು ಹಾಳೆ ತೋರ್ಸಿದ್ರೆ ನಗರಸಭೆ ಬಾಯಿ ಕಟ್ತದೆ. ಹದಿನೆಂಟು ಜನದ ಮರ್ಯಾದೆ ನಾಯಕ್ರೇ" ಅಂದ. ಹೌದು, ನಿಜ. ಮಸುಜೊ ಯಾವಾಗಲೂ ನಿಜವನ್ನೇ ಹೇಳುತ್ತಾನೆ, ಅದೇ ಅವನ ಕಾಟ. ಆದರೆ ಆ ಹಾಳೆಯ ಮೂಲೆಯಲ್ಲಿ ನಿನ್ನ ಮುದ್ರೆ ಇದೆ. ಅವರು ನಿನ್ನನ್ನು ಹಿಡಿಯುತ್ತಾರೆ. ದೊಡ್ಡಮ್ಮ ಸಾಕಿದ್ದು ನಮ್ಮಿಬ್ಬರನ್ನೇ, ಅದರಲ್ಲಿ ನೀನೊಬ್ಬಳಾದರೂ ಸರಿಯಾಗಿ ಬಾಳಬೇಕು.

ಇವತ್ತು ಬೆಳಿಗ್ಗೆ ಮಿನೆ ಒಲೆ ಹಚ್ಚುವಾಗ ಆ ಹಾಳೆಯನ್ನು ಒಳಗೆ ಹಾಕಿದೆ. ಆಮೇಲೆ ನೊಮಿಯಾಮಾನ ಮನೆಗೇ ಹೋಗಿ ಹೇಳಿಕೆ ಬರೆದುಕೊಟ್ಟೆ. ಪತ್ರದಲ್ಲಿ "ಆರಿತೆಂದು" ಅಂತಲೇ ಇತ್ತು, ನಾನು ತಪ್ಪಾಗಿ ಓದಿ ಹೇಳಿದೆ, ಹದಿನೇಳು ಜನ ನನ್ನ ಮಾತು ಕೇಳಿದರು ಅಷ್ಟೇ, ಚಳಿಗೆ ಸೋಮಾರಿತನ ಬಂದು ಕೆಂಡ ಕಾಯದೆ ಹೊರಟವನು ನಾನೇ ಅಂತ ಬರೆದು ಮುದ್ರೆ ಒತ್ತಿದೆ. ನೊಮಿಯಾಮಾ ಎರಡು ಸಲ ಓದಿದ. "ಇಷ್ಟೆಲ್ಲ ಯಾಕಯ್ಯಾ ಮೈಮೇಲೆ ಹಾಕ್ಕೋತೀಯಾ?" ಅಂದ. ಅವನ ಮುಖದಲ್ಲಿ ಮೊದಲ ಸಲ ಮನುಷ್ಯನ ಹಾಗೆ ಏನೋ ಕಂಡಿತು. ಆದರೂ ಹಾಳೆ ಮಡಿಸಿ ಒಳಗಿಟ್ಟುಕೊಂಡ. ಇನ್ನು 14ರ ವಿಚಾರಣೆ ಇಲ್ಲವಂತೆ.

ಮಧ್ಯಾಹ್ನವೇ ಲಾರಿ ಬಂತು. ಪಂಪು ಹತ್ತಿಸುವಾಗ ಊರಿನ ಒಬ್ಬರೂ ಕೈಕೊಡಲಿಲ್ಲ, ನಾನೇ ಹಿಂದಿನಿಂದ ತಳ್ಳಿದೆ. ಗಂಟೆಯನ್ನೂ ಬಿಚ್ಚಿದರು. ಮಸುಜೊ ತನ್ನ ನೀಲಿ ಅಂಗಿ ತಂದು ನಮ್ಮ ಜಗಲಿಯಲ್ಲಿ ಹಾಕಿ ಹೋದ. ಸಂಜೆಯೊಳಗೆ ಉಳಿದ ಹದಿನಾರೂ ಬಂದವು. ಮಿನೆ ಮಡಿಸಿಟ್ಟಿದ್ದಾಳೆ. ಗಿರಣಿಯವನು ತನ್ನ ಹೊಸ ಮನೆಯ ಮಾಡು ಹೊದಿಸಲು ಕೆಳಗಿನ ಊರಿನವನಿಗೆ ಹೇಳಿದ್ದಾನೆ ಅಂತ ಕೇಳಿದೆ. ನಾನು ಹೊದಿಸಿದ ಹುಲ್ಲಿನ ಕೆಳಗೆ ಮಲಗಲು ಅವನಿಗೆ ಭಯವಂತೆ. ಅವನ ಮೇಲೆ ಕೋಪವಿಲ್ಲ.

ಏಪ್ರಿಲ್‌ನಲ್ಲಿ ಬರುತ್ತೇನೆ ಅಂದಿದ್ದೆ. ಈಗ ಬರಬೇಡ, ಜನ ಏನಾದರೂ ಅಂದಾರು. ನಿನ್ನ ಹೆಸರು ಇನ್ನು ಎಲ್ಲೂ ಇಲ್ಲ, ನಾನು ಚೆನ್ನಾಗಿ ನೋಡಿದ್ದೇನೆ. ಯಾರು ಏನು ಕೇಳಿದರೂ ನನಗೆ ಗೊತ್ತಿಲ್ಲ ಅನ್ನು. ನಿಶ್ಚಿಂತೆಯಿಂದ ಕೆಲಸ ಮಾಡಿಕೊಂಡಿರು.

ಕಿಸುಕೆ